ಅಡಿಕೆ ತೋಟದ ಮನೆಯ ಹುಡುಗ ಗಾಲ್ಫ್ ಟೂರಿಗೆ ಹೊರಟರೆ ಒಂದು ಸೀಸನ್‌ಗೆ ಏನೇನು ಬೇಕು?

ಸಾಗರದ ಹತ್ತಿರದವರಾದ ನೀವು, ನಿಮ್ಮ ತಮ್ಮ ವೃತ್ತಿಪರ ಗಾಲ್ಫ್‌ನ ಕೆಳಹಂತದ ಟೂರಿನಲ್ಲಿ (ಊರೂರು ಸುತ್ತಿ ಆಡುವ ಸ್ಪರ್ಧೆಗಳ ಸರಣಿಯಲ್ಲಿ) ಒಂದು ಸೀಸನ್ ಆಡಬೇಕೆಂದಿದ್ದಾನೆ, ಅದರ ಖರ್ಚನ್ನು ಅಡಿಕೆಯ ಆದಾಯದಲ್ಲಿ ತೂಗಿಸಬಹುದೇ ಎಂದು ಕೇಳಿದ್ದೀರಿ. ತೂಗಿಸಬಹುದು. ಆದರೆ ಬಹುಮಾನದ ಹಣವನ್ನು ಲೆಕ್ಕಕ್ಕೆ ಹಿಡಿಯದೆ, ಇಡೀ ಸೀಸನ್‌ಗೆ ಬೇಕಾದುದನ್ನು ಮೊದಲೇ ತೆಗೆದಿಟ್ಟರೆ ಮಾತ್ರ. ನಾನು ತೀರ್ಥಹಳ್ಳಿ ಸೀಮೆಯವನು, ಇಂತಹದೇ ತೋಟದ ಮನೆಯಿಂದ ಹೋಗಿ ಆ ಟೂರಿನಲ್ಲಿ ಆಡಿದವನು.

ನಮ್ಮ ದೇಶದಲ್ಲಿ ಪುರುಷರ ವೃತ್ತಿಪರ ಸ್ಪರ್ಧೆಗಳನ್ನು ಮುಖ್ಯವಾಗಿ ನಡೆಸುವುದು 2006ರಲ್ಲಿ ಆರಂಭವಾದ ಪ್ರೊಫೆಷನಲ್ ಗಾಲ್ಫ್ ಟೂರ್ ಆಫ್ ಇಂಡಿಯಾ. ಅದರ ಮುಖ್ಯ ಟೂರಿನ ಕಾರ್ಡ್, ಅಂದರೆ ಅಲ್ಲಿ ಆಡುವ ಹಕ್ಕು, ಪಡೆಯಲು ಹೊಸಬರು ಕ್ವಾಲಿಫೈಯಿಂಗ್ ಸ್ಕೂಲ್ ಎಂಬ ಅರ್ಹತಾ ಸುತ್ತುಗಳನ್ನು ದಾಟಬೇಕು. ಅಲ್ಲಿ ಸಾಕಷ್ಟು ಅವಕಾಶ ಸಿಗದವರಿಗಾಗಿ 2024ರಲ್ಲಿ ನೆಕ್ಸ್‌ಜೆನ್ ಎಂಬ ಎರಡನೆಯ ಟೂರ್ ಶುರುವಾಯಿತು. ಮುಖ್ಯ ಟೂರಿನ ಸ್ಪರ್ಧೆ ನಾಲ್ಕು ದಿನ 72 ಹೋಲ್‌ಗಳದ್ದಾದರೆ (ಒಂದು ಹೋಲ್ ಎಂದರೆ ಚೆಂಡನ್ನು ಒಂದು ಕುಳಿಗೆ ಸೇರಿಸುವವರೆಗಿನ ಆಟ), ಇದು ಮೂರು ದಿನ 54 ಹೋಲ್‌ಗಳದ್ದು.

ಹಣದ ಪ್ರಶ್ನೆ ನಿಂತಿರುವುದು 36 ಹೋಲ್‌ಗಳ ನಂತರ, ಅಂದರೆ ಎರಡನೆಯ ದಿನದ ಕೊನೆಗೆ, ಹಿಂದುಳಿದವರನ್ನು ಸ್ಪರ್ಧೆಯಿಂದ ಕೈಬಿಡುವ ಕಟ್‌ನ ಮೇಲೆ. ಕಟ್ ದಾಟದವನಿಗೆ ಒಂದು ರೂಪಾಯಿಯೂ ಬರುವುದಿಲ್ಲ. ಆದರೆ ಪ್ರವೇಶ ಶುಲ್ಕ, ರೈಲು, ಕೋಣೆ, ಊಟ, ಕ್ಯಾಡಿಯ (ಆಟಗಾರನ ಚೀಲ ಹೊರುವವನ) ಕೂಲಿ ಎಲ್ಲವೂ ಆಗಲೇ ಕೈಬಿಟ್ಟಿರುತ್ತವೆ. ಮುಖ್ಯ ಟೂರಿನಲ್ಲಿ ಒಟ್ಟು ಬಹುಮಾನ 1 ಕೋಟಿ ರೂಪಾಯಿಯಾದಾಗ ಗೆದ್ದವನಿಗೆ 15 ಲಕ್ಷ ಸಿಗುತ್ತದೆ, ಅಲ್ಲಿಂದ ಕೆಳಕ್ಕೆ ಮೊತ್ತ ಬಹಳ ಬೇಗ ಇಳಿಯುತ್ತದೆ. ಕೆಳಹಂತದ ಟೂರಿನ ಬಹುಮಾನ ಅದರ ಒಂದು ಸಣ್ಣ ಪಾಲು ಮಾತ್ರವಾದ್ದರಿಂದ, ಕಟ್ ದಾಟಿಯೂ ಆ ವಾರದ ಖರ್ಚು ಹುಟ್ಟದೆ ಹೋಗುವುದುಂಟು. ತೋಟದ ಹಣ ಕೊಯ್ಲು ಮುಗಿದು ಮಂಡಿಗೆ ಅಡಿಕೆ ಹೋದ ಮೇಲೆ ಒಟ್ಟಿಗೆ ಬರುತ್ತದೆ, ಟೂರಿನ ಖರ್ಚು ಮಾತ್ರ ಸ್ಪರ್ಧೆಯಿಂದ ಸ್ಪರ್ಧೆಗೆ ನಿಲ್ಲದೆ ಹೋಗುತ್ತಿರುತ್ತದೆ. ನಡುವೆ ಮಂಡಿಯಲ್ಲಿ ಮುಂಗಡ ತೆಗೆದು ಮುಂದಿನ ಸ್ಪರ್ಧೆಗೆ ಕಳುಹಿಸುವ ಪರಿಸ್ಥಿತಿ ಬಂದರೆ, ಹುಡುಗನಿಗೆ ಪ್ರತಿ ಪಟ್‌ನಲ್ಲೂ (ಚೆಂಡನ್ನು ಕುಳಿಗೆ ಉರುಳಿಸುವ ಹೊಡೆತದಲ್ಲೂ) ಮನೆಯ ಸಾಲವೇ ಕಾಣುತ್ತದೆ. ದಯವಿಟ್ಟು ಅವನನ್ನು ಆ ಸ್ಥಿತಿಗೆ ತಳ್ಳಬೇಡಿ.

ಇನ್ನೊಂದು ಖರ್ಚು ನಮ್ಮ ಕಡೆಯವರಿಗೆ ಮೊದಲು ಹೊಳೆಯುವುದಿಲ್ಲ: ಅದು ಮಳೆಗಾಲದ ಖರ್ಚು. ಚಿಕ್ಕಮಗಳೂರಿನ ಕೋರ್ಸಿಗೆ (ಗಾಲ್ಫ್ ಮೈದಾನಕ್ಕೆ) ಹೋಗಿ ಕಲಿತ ನನಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಅಭ್ಯಾಸವೇ ದೊಡ್ಡ ಸಮಸ್ಯೆಯಾಗಿತ್ತು. ಚಪ್ಪರದಡಿ ಬಲೆ ಕಟ್ಟಿ ಹೊಡೆದರೆ ಸ್ವಿಂಗ್ ಉಳಿಯುತ್ತದೆ, ದೂರದ ಅಂದಾಜು ಉಳಿಯುವುದಿಲ್ಲ. ಮಳೆ ಬಿಟ್ಟ ಹೊತ್ತಿನಲ್ಲಿ ಆಡಿದರೂ ನೆಂದ ಫೇರ್‌ವೇಯಲ್ಲಿ (ಕುಳಿಯ ಕಡೆಗಿನ ಹುಲ್ಲಿನ ಹಾದಿಯಲ್ಲಿ) ಚೆಂಡು ಬಿದ್ದಲ್ಲೇ ನಿಲ್ಲುತ್ತದೆ, ಗ್ರೀನ್, ಅಂದರೆ ಕುಳಿಯ ಸುತ್ತಲಿನ ನುಣ್ಣನೆಯ ಹುಲ್ಲು, ನಿಧಾನವಾಗಿರುವುದರಿಂದ ಪಟ್ ಅನ್ನು ಬಲವಾಗಿ ಹೊಡೆಯುವುದು ಕೈಗೆ ರೂಢಿಯಾಗುತ್ತದೆ. ಅದೇ ಕೈ ಒಣಹವೆಯ ಕೋರ್ಸಿಗೆ ಹೋದಾಗ ಚೆಂಡು ಗ್ರೀನ್ ಮೇಲೆ ಪುಟಿದು ಆಚೆ ಹೋಗುತ್ತದೆ, ಇಳಿಜಾರಿನ ಪಟ್ ಹೋಲ್ ದಾಟಿ ಓಡುತ್ತದೆ. ಬರ್ಮುಡಾ ಹುಲ್ಲಿನ ಗ್ರೀನ್‌ಗಳಲ್ಲಂತೂ ಎಲೆ ಬಾಗಿರುವ ದಿಕ್ಕನ್ನು ಓದದಿದ್ದರೆ ವೇಗವೂ ತಪ್ಪುತ್ತದೆ, ಗೆರೆಯೂ ತಪ್ಪುತ್ತದೆ. ಆದ್ದರಿಂದ ಆ ತಿಂಗಳುಗಳಲ್ಲಿ ಮಳೆ ಕಡಿಮೆಯಿರುವ ಮೈಸೂರಿನಲ್ಲಿ ಕೋಣೆ ಹಿಡಿದು ಅಭ್ಯಾಸ ಮಾಡುವ ಬಾಡಿಗೆಯನ್ನೂ ಸೀಸನ್‌ನ ಲೆಕ್ಕಕ್ಕೆ ಸೇರಿಸಿ. ಸಾಧ್ಯವಾದಲ್ಲೆಲ್ಲ ಸ್ಪರ್ಧೆಗೆ ಎರಡು ದಿನ ಮುಂಚೆ ತಲುಪಿ, ಅಭ್ಯಾಸದ ಸುತ್ತಿನಲ್ಲಿ ಸ್ಕೋರ್ ಬರೆಯದೆ ಗ್ರೀನ್‌ಗಳ ವೇಗವನ್ನಷ್ಟೇ ಕಲಿಯಲಿ.

ಕೆಳಗಿನಿಂದ ಮೇಲೇರಿದವರು ನಮ್ಮ ರಾಜ್ಯದಲ್ಲೇ ಇದ್ದಾರೆ. ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದ ಚಿನ್ನಸ್ವಾಮಿ ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ನಿಮ್ಮ ತಮ್ಮನಿಗೆ ಇಂತಹ ಆಸೆ ಇರುವುದು ಒಳ್ಳೆಯದೇ, ಅದನ್ನು ಮನೆಯವರು ಚಿವುಟಬಾರದು.

ಆದರೆ ವೃತ್ತಿಪರನೆಂದು ನೋಂದಾಯಿಸುವ ಮುನ್ನ ಒಂದು ವಿಷಯ ಗಮನಿಸಿ. ಒಮ್ಮೆ ವೃತ್ತಿಪರನಾದ ಮೇಲೆ ಹವ್ಯಾಸಿಗಳ ಸ್ಪರ್ಧೆಗಳಲ್ಲಿ ಆಡುವಂತಿಲ್ಲ. ಆ ಅರ್ಹತೆ ಮರಳಿ ಬೇಕೆಂದರೆ ಅರ್ಜಿ ಹಾಕಿ ಕಾಯಬೇಕಾಗುತ್ತದೆ. ನಿತ್ಯ ಆಡುವ ಕೋರ್ಸಿನ ಸ್ಕೋರನ್ನು ನಂಬದೆ, ಹೊರ ಊರುಗಳ ಹವ್ಯಾಸಿ ಸ್ಪರ್ಧೆಗಳಲ್ಲಿ ಎರಡನೆಯ ದಿನ ಅವನು ಎಷ್ಟು ಹೊಡೆದಿದ್ದಾನೆಂದು ಹಳೆಯ ಸ್ಕೋರ್ ಕಾರ್ಡ್‌ಗಳನ್ನು ತೆಗೆದು ನೋಡಿ. ಆ ಸ್ಕೋರ್‌ಗಳು ಪಾರ್‌ನ (ಕೋರ್ಸಿಗೆ ನಿಗದಿಯಾದ ಹೊಡೆತಗಳ ಸಂಖ್ಯೆಯ) ಆಸುಪಾಸಿನಲ್ಲಿ ನಿಲ್ಲುತ್ತಿದ್ದರೆ ಈ ವರ್ಷವೇ ಹೊರಡಲಿ. ಇಲ್ಲದಿದ್ದರೆ ಇನ್ನೊಂದು ವರ್ಷ ಹವ್ಯಾಸಿಯಾಗಿಯೇ ಆಡುವುದು ಲೇಸು. ಅಷ್ಟರಲ್ಲಿ ಇನ್ನೊಂದು ಕೊಯ್ಲಿನ ಹಣವೂ ಕೈಸೇರಿರುತ್ತದೆ.