ಕಂತು ನಿಲ್ಲಿಸಬೇಡಿ, ಬಿಲ್ಲನ್ನೂ ಬಿಡಬೇಡಿ

ಶಿಡ್ಲಘಟ್ಟದ ಓದುಗರೊಬ್ಬರು ಬರೆದಿದ್ದಾರೆ: “ನಾವು ರೇಷ್ಮೆ ರೀಲರುಗಳು. ಹೋದ ವರ್ಷ ಮನೆಮಂದಿಗೆಲ್ಲ ಸೇರಿ 3 ಲಕ್ಷ ರೂಪಾಯಿಯ ಆರೋಗ್ಯ ವಿಮೆ ಮಾಡಿಸಿದೆ. ಅಮ್ಮನಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯಿತು. ಕಂಪನಿ ಒಂದು ಪೈಸೆ ಕೊಡಲಿಲ್ಲ. ಮಗನ ಡೆಂಗಿ ಬಿಲ್ಲಿನಲ್ಲಿ ಅರ್ಧ ಕತ್ತರಿಸಿದರು. ಅಮ್ಮನಿಗೆ ಏಳು ವರ್ಷದಿಂದ ಸಕ್ಕರೆ ಕಾಯಿಲೆ. ಅರ್ಜಿಯಲ್ಲಿ ಬರೆಯಬೇಡಿ ಎಂದು ಏಜೆಂಟರೇ ಹೇಳಿದ್ದರು. ಮುಂದಿನ ತಿಂಗಳು ಕಂತು ಕಟ್ಟಬೇಕು. ಈ ಪಾಲಿಸಿಯನ್ನು ಬಿಟ್ಟುಬಿಡೋಣವೇ?” ಹೆಸರು ಬೇಡವೆಂದಿರುವುದರಿಂದ ಹಾಕಿಲ್ಲ. ಮಗನ ಬಿಲ್ಲಿನ ಪ್ರತಿಯನ್ನೂ ಲಗತ್ತಿಸಿದ್ದಾರೆ.

ಬಿಡಬೇಡಿ. ನಿಮ್ಮ ಸಿಟ್ಟು ಅರ್ಥವಾಗುತ್ತದೆ, ಆದರೆ ಇದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾದೀತು. ಅಮ್ಮನ ಕ್ಲೇಮು ತಿರಸ್ಕಾರವಾದದ್ದು ಕಾಯುವ ಅವಧಿಯ ಕಾರಣಕ್ಕೆ, ಅಂದರೆ ಪಾಲಿಸಿ ಮಾಡಿಸಿದ ಮೇಲೆ ಕೆಲವು ಕಾಯಿಲೆಗಳಿಗೆ ಹಣ ಸಿಗದ ಆರಂಭದ ಅವಧಿ. ಪಿತ್ತಕೋಶದ ಕಲ್ಲು, ಮೂತ್ರಪಿಂಡದ ಕಲ್ಲು, ಹರ್ನಿಯಾ, ಮೂಲವ್ಯಾಧಿ, ಕಣ್ಣಿನ ಪೊರೆ, ಮಂಡಿ ಕೀಲು ಬದಲಾವಣೆ ಮುಂತಾದವುಗಳಿಗೆ ಹೆಚ್ಚಿನ ಪಾಲಿಸಿಗಳು ಎರಡು ವರ್ಷ ಕಾಯಿಸುತ್ತವೆ. ಅಪಘಾತದಿಂದ ಬಂದ ತೊಂದರೆಯಾದರೆ ಮಾತ್ರ ಕಾಯಬೇಕಿಲ್ಲ. ಆ ಎರಡು ವರ್ಷದಲ್ಲಿ ಒಂದು ಈಗ ಮುಗಿಯುತ್ತಾ ಬಂದಿದೆ. ಕಂತು ನಿಲ್ಲಿಸಿದರೆ ಕಳೆದ ವರ್ಷದ ಹಣದ ಜೊತೆಗೆ ಕಾದ ಕಾಲವೂ ಹೋಗುತ್ತದೆ, ಮತ್ತೆ ಮೊದಲಿನಿಂದ ಎಣಿಕೆ. ಈ ಕಂಪನಿಯೇ ಬೇಡವೆನಿಸಿದರೆ ಪಾಲಿಸಿಯನ್ನು ಬೇರೆ ಕಂಪನಿಗೆ ಪೋರ್ಟ್ ಮಾಡಿಸಬಹುದು, ಅಂದರೆ ವರ್ಗಾಯಿಸಿಕೊಳ್ಳಬಹುದು. ಕಾದ ಅವಧಿ ಜೊತೆಯಲ್ಲೇ ಬರುತ್ತದೆ. ಅದಕ್ಕೆ ನವೀಕರಣಕ್ಕೆ ಕನಿಷ್ಠ 45 ದಿನ ಮೊದಲೇ ಅರ್ಜಿ ಹಾಕಬೇಕು. ಈ ವರ್ಷಕ್ಕೆ ತಡವಾಗಿದೆ, ಮುಂದಿನ ವರ್ಷ ನೋಡಿ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಸಕ್ಕರೆ ಕಾಯಿಲೆಯ ಸಾಲು. ಪಾಲಿಸಿ ಮಾಡಿಸುವ ಹಿಂದಿನ 36 ತಿಂಗಳಲ್ಲಿ ವೈದ್ಯರು ಗುರುತಿಸಿದ, ಇಲ್ಲವೇ ಚಿಕಿತ್ಸೆ ಕೊಟ್ಟ ಕಾಯಿಲೆಯನ್ನು ಮೊದಲೇ ಇದ್ದ ಕಾಯಿಲೆ ಎನ್ನುತ್ತಾರೆ. ಅರ್ಜಿಯಲ್ಲಿ ತಿಳಿಸಿದ್ದರೆ ಅದಕ್ಕೂ ಹೆಚ್ಚೆಂದರೆ 36 ತಿಂಗಳು ಕಾಯಿಸಬಹುದಿತ್ತು, ಅಷ್ಟೇ. 2024ಕ್ಕೆ ಮುಂಚೆ ಆ ಮಿತಿ 48 ತಿಂಗಳಿತ್ತು. ಮುಚ್ಚಿಟ್ಟರೆ ಪಾಲಿಸಿಯನ್ನೇ ರದ್ದುಮಾಡುವ ಅಸ್ತ್ರ ಕಂಪನಿಯ ಕೈಗೆ ಸಿಗುತ್ತದೆ. ಮುಚ್ಚಿಟ್ಟದ್ದು ಮುಚ್ಚಿಯೇ ಇರುತ್ತದೆ ಎಂದುಕೊಳ್ಳಬೇಡಿ. ಅಮ್ಮನ ಡಿಸ್ಚಾರ್ಜ್ ಸಾರಾಂಶದ ಮೊದಲ ಪುಟವನ್ನು ತೆಗೆದು ನೋಡಿ. ಶಸ್ತ್ರಚಿಕಿತ್ಸೆಗೆ ಮುಂಚೆ ವೈದ್ಯರು ಕೇಳುವ ಮೊದಲ ಪ್ರಶ್ನೆಯೇ ಸಕ್ಕರೆ, ಬಿಪಿ. ಎಷ್ಟು ವರ್ಷದಿಂದ ಎಂಬುದನ್ನೂ ಬರೆದುಕೊಳ್ಳುತ್ತಾರೆ. ಆ ಕಾಗದ ಕ್ಲೇಮಿನ ಜೊತೆ ಆಗಲೇ ಕಂಪನಿ ಸೇರಿದೆ.

ನವೀಕರಣಕ್ಕೆ ಮುಂಚೆಯೇ ಲಿಖಿತವಾಗಿ ತಿಳಿಸಿ. ಕಂಪನಿ ಹೆಚ್ಚು ಕಂತು ಕೇಳಬಹುದು, ತಕರಾರನ್ನೂ ಎತ್ತಬಹುದು. ಆ ತಕರಾರು ಈಗಲೇ ಬರಲಿ. ಮುಂದೆ ಅಮ್ಮ ಐಸಿಯುನಲ್ಲಿ ಮಲಗಿರುವಾಗ ಬರುವುದು ಬೇಡ. ಸತತ 60 ತಿಂಗಳು ಪಾಲಿಸಿ ನಡೆದ ಮೇಲೆ, ವಂಚನೆಯೆಂದು ಸಾಬೀತು ಮಾಡದ ಹೊರತು ಹಳೆಯ ಅರ್ಜಿಯನ್ನು ಕೆದಕುವಂತಿಲ್ಲ. ಆದರೆ ನಿಮಗೆ ಅದಕ್ಕಿನ್ನೂ ನಾಲ್ಕು ವರ್ಷವಿದೆ. ‘ಬರೆಯಬೇಡಿ’ ಎಂದ ಏಜೆಂಟರು ಆಗ ಎಲ್ಲಿರುತ್ತಾರೋ! ಅರ್ಜಿಯ ಕೆಳಗಿರುವುದು ನಿಮ್ಮ ಸಹಿ.

ಇನ್ನು ಡೆಂಗಿಯ ಬಿಲ್ಲು. ಇಲ್ಲಿ ನ್ಯಾಯ ನಿಮ್ಮ ಕಡೆಗಿದೆ. ನಿಮ್ಮ ಪಾಲಿಸಿಯಲ್ಲಿ ಕೊಠಡಿ ಬಾಡಿಗೆ ವಿಮಾ ಮೊತ್ತದ ಶೇ 1, ಅಂದರೆ ದಿನಕ್ಕೆ 3,000 ರೂಪಾಯಿ. ನೀವು ತೆಗೆದುಕೊಂಡದ್ದು 6,000ದ ಕೊಠಡಿ. ಮಿತಿ ಮೀರಿದರೆ ಹೆಚ್ಚಿನ ಬಾಡಿಗೆಯನ್ನಷ್ಟೇ ಕೈಯಿಂದ ಕೊಟ್ಟರಾಯಿತು ಎಂದು ಬಹಳ ಜನ ನಂಬಿದ್ದಾರೆ. ಹಾಗಿಲ್ಲ; ವೈದ್ಯರ ಭೇಟಿಯ ಶುಲ್ಕದಂಥ ಕೊಠಡಿಗೆ ತಕ್ಕಂತೆ ಏರುವ ಖರ್ಚುಗಳನ್ನೂ ಅದೇ ಅನುಪಾತದಲ್ಲಿ ಇಳಿಸುತ್ತಾರೆ. ಆದರೆ ಔಷಧಿ, ಇಂಪ್ಲಾಂಟ್ (ದೇಹದೊಳಗೆ ಕೂರಿಸುವ ಸಾಧನ), ಪ್ರಯೋಗಾಲಯದ ಪರೀಕ್ಷೆಗಳಿಗೆ ಈ ಕಡಿತ ಅನ್ವಯಿಸಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2020ರಲ್ಲೇ ಹೇಳಿದೆ. ನಿಮ್ಮ ಬಿಲ್ಲು 62,000: ಕೊಠಡಿ ನಾಲ್ಕು ದಿನಕ್ಕೆ 24,000, ವೈದ್ಯರ ಭೇಟಿ 14,000, ಪ್ಲೇಟ್‌ಲೆಟ್ ಮತ್ತಿತರ ಪರೀಕ್ಷೆ 11,000, ಔಷಧಿ 13,000. ಕಂಪನಿ ಕಣ್ಣುಮುಚ್ಚಿ ಎಲ್ಲದರ ಅರ್ಧ, 31,000 ಕೊಟ್ಟಿದೆ. ಮೊದಲ ಎರಡರ ಅರ್ಧ 19,000, ಪರೀಕ್ಷೆ ಮತ್ತು ಔಷಧಿ ಪೂರ್ತಿ 24,000, ಒಟ್ಟು 43,000 ಬರಬೇಕಿತ್ತು. ಕೈಗವಸಿನಂಥ ಸಣ್ಣಪುಟ್ಟ ಸಾಮಾನು ಪಾವತಿಯಾಗದ ಪಟ್ಟಿಯಲ್ಲಿರುವುದರಿಂದ ಅದರಲ್ಲಿ ಒಂದಿಷ್ಟು ಕಳೆಯಬಹುದು. ಆದರೂ 12,000ದ ಹತ್ತಿರ ಹತ್ತಿರ ನಿಮಗೆ ಬಾಕಿಯಿದೆ.

ಎಷ್ಟು ವರ್ಷ ಕಾದರೂ ಸಾಮಾನ್ಯ ಪಾಲಿಸಿಗಳಲ್ಲಿ ಸಿಗದಂಥವೂ ಇವೆ: ಬಂಜೆತನದ ಚಿಕಿತ್ಸೆ, 7.5 ಡಯಾಪ್ಟರ್‌ಗಿಂತ (ಕನ್ನಡಕದ ಪವರಿನ ಅಳತೆ) ಕಡಿಮೆ ದೃಷ್ಟಿದೋಷಕ್ಕೆ ಕನ್ನಡಕ ತೆಗೆಸುವ ಲೇಸರ್, ಬರೀ ಪರೀಕ್ಷೆಗಳಿಗೆಂದು ಆಸ್ಪತ್ರೆ ಸೇರುವುದು. ಸೌಂದರ್ಯದ ಶಸ್ತ್ರಚಿಕಿತ್ಸೆಯೂ ಈ ಪಟ್ಟಿಯಲ್ಲಿದೆ, ಆದರೆ ನಿಮ್ಮ ಕಸುಬಿನವರು ಇದನ್ನು ತಿಳಿದಿರಬೇಕು. ರೇಷ್ಮೆಗೂಡು ಬೇಯಿಸುವ ಕುದಿನೀರು ಮೈಮೇಲೆ ಬಿದ್ದು, ಸುಟ್ಟ ಕೈಗೆ ಚರ್ಮ ಕಸಿ ಮಾಡಿಸಬೇಕಾದರೆ ಅದು ಸೌಂದರ್ಯದ ಲೆಕ್ಕಕ್ಕೆ ಸೇರುವುದಿಲ್ಲ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್‌ನಿಂದಾದ ಹಾನಿಯನ್ನು ಸರಿಪಡಿಸುವ ಚಿಕಿತ್ಸೆಗೆ ವಿನಾಯಿತಿಯಿದೆ. ಯಾರಾದರೂ ಇಲ್ಲವೆಂದರೆ ಷರತ್ತಿನ ಆ ಸಾಲನ್ನು ತೋರಿಸಲು ಹೇಳಿ.

ಮಗನ ಬಿಲ್ಲಿನ ವಿಷಯವಾಗಿ ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್, ಅಂದರೆ ವಿಮೆಯ ದೂರುಗಳನ್ನು ವಿಚಾರಿಸುವ ಅಧಿಕಾರಿಯ ಮೊರೆ ಹೋಗಬಹುದು. ಕರ್ನಾಟಕದ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ ಸೌಧದಲ್ಲಿದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಪಾಲಿಸಿ, ಬಿಲ್ಲು, ಕಡಿತದ ವಿವರ, ಕಂಪನಿಗೆ ಬರೆದ ಪತ್ರ ಇವಿಷ್ಟರ ಪ್ರತಿ ಸಾಕು. ಅಮ್ಮನ ಕ್ಲೇಮನ್ನು ಅದೇ ದೂರಿನಲ್ಲಿ ಸೇರಿಸಬೇಡಿ; ಅದಕ್ಕೆ ಕಂಪನಿಯ ಬಳಿ ಉತ್ತರ ಸಿದ್ಧವಿದೆ, ಮಗನ ಬಿಲ್ಲಿಗೆ ಇಲ್ಲ.

— ಸಂಪಾದಕ