‘ಈಸೊಫೇಗಸ್’ ಲೇಖನದ ಬಗ್ಗೆ

ನಮಸ್ಕಾರ.

ಅನ್ನನಾಳದ ಇಂಗ್ಲಿಷ್ ಹೆಸರಿನ ಬಗ್ಗೆ ನೀವು ಬರೆದ ‘ಈಸೊಫೇಗಸ್ ಪದದ ಸಂಸ್ಕೃತ ಮೂಲ’ ಎಂಬ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲಾಗದು. ಬರವಣಿಗೆ ಸರಾಗವಾಗಿದೆ, ವಾದ ನಿಲ್ಲುವುದಿಲ್ಲ.

‘ಈಶ’ ಮತ್ತು ‘ಭಕ್ಷ’ ಸೇರಿ ಈ ಪದ ಹುಟ್ಟಿತು ಎಂದಿದ್ದೀರಿ. ಮೊದಲಲ್ಲಿ ಕೇಳುವ ‘ಈ’ ಇಂಗ್ಲಿಷ್ ಉಚ್ಚಾರಣೆಯದು. ಗ್ರೀಕ್ ರೂಪ ‘ಓಯ್ಸೊಫಾಗೊಸ್’. ಅಲ್ಲಿಗೆ ನಿಮ್ಮ ಈಶ ಬಿದ್ದುಹೋದ.

ಉತ್ತರಾರ್ಧದಲ್ಲಿ ನಿಜದ ಹತ್ತಿರ ಬಂದಿದ್ದೀರಿ. ತಿನ್ನು ಎಂಬರ್ಥದ ಗ್ರೀಕ್ ‘ಫಾಗೇನ್’ಗೂ ಸಂಸ್ಕೃತದ ‘ಭಜ್’, ‘ಭಕ್ಷ್’ ಧಾತುಗಳಿಗೂ ನಂಟಿದೆ. ಪಾಲು ಹಂಚುವುದು ಎಂಬ ಹಳೆಯ ಅರ್ಥದಿಂದ ಬಂದ ಬಳಗ ಅದು. ನಾವು ದಿನಾ ಬಳಸುವ ‘ಭಾಗ’ವೂ ಅದರಲ್ಲೇ ಇದೆ. ಆದರೆ ನೀವು ಅಕ್ಕತಂಗಿಯರನ್ನು ತಾಯಿಮಗಳು ಮಾಡಿಬಿಟ್ಟಿದ್ದೀರಿ. ಗ್ರೀಕರು ಇದನ್ನು ಸಂಸ್ಕೃತದಿಂದ ಎರವಲು ಪಡೆಯಲಿಲ್ಲ.

ಇನ್ನು ಮೊದಲ ತುಂಡು. ‘ಹೊರು, ಸಾಗಿಸು’ ಎಂಬರ್ಥದ ಗ್ರೀಕ್ ಕ್ರಿಯಾಪದದ ಭವಿಷ್ಯತ್ ರೂಪ ‘ಓಯ್ಸೇನ್’. ಹಾಗಾಗಿ ‘ತಿಂದದ್ದನ್ನು ಸಾಗಿಸುವುದು’ ಎಂದು ಬಿಡಿಸುವ ರೂಢಿಯಿದೆ. ಇದು ಊಹೆ, ತೀರ್ಪಲ್ಲ. ಅರಿಸ್ಟಾಟಲ್ ಬೇರೆಯದನ್ನೇ ಹೇಳಿದ್ದ: ಉದ್ದಕ್ಕೆ, ಕಿರಿದಾಗಿರುವುದರಿಂದ ಆ ಹೆಸರು ಬಂತು ಎಂದು. ಎರಡನ್ನೂ ಬರೆಯಿರಿ, ಯಾವುದು ಎಷ್ಟು ಗಟ್ಟಿ ಎಂಬುದನ್ನೂ ಬರೆಯಿರಿ. (ನಮ್ಮ ‘ಒಯ್ಯು’ವಿಗೂ ಇದಕ್ಕೂ ನಂಟು ಕಟ್ಟಲು ಮಾತ್ರ ಹೊರಡಬೇಡಿ, ದಮ್ಮಯ್ಯ. ಅದು ಬರೀ ಕಾಕತಾಳೀಯ.)

ನಿಮ್ಮ ಕೈಯಲ್ಲಿರುವ ಒಳ್ಳೆಯ ಸಾಮಗ್ರಿಯನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಆಯುರ್ವೇದದ ಚರಕ, ಸುಶ್ರುತ ಸಂಹಿತೆಗಳೆರಡರಲ್ಲೂ ‘ಅನ್ನವಹ ಸ್ರೋತಸ್ಸು’ ಬರುತ್ತದೆ, ಅಂದರೆ ಅನ್ನವನ್ನು ಹೊತ್ತೊಯ್ಯುವ ಮಾರ್ಗ. ಗ್ರೀಕ್ ಪದದ ಆ ಬಿಡಿಸುವಿಕೆ ಸರಿಯಾಗಿದ್ದರೆ, ಎರಡು ಕಡೆಯವರು ಒಬ್ಬರನ್ನೊಬ್ಬರು ಕೇಳದೆಯೇ ಒಂದೇ ರೀತಿ ಯೋಚಿಸಿದ್ದರು ಎಂದಾಗುತ್ತದೆ. ಎರವಲಿನ ಕಥೆಗಿಂತ ನನಗೆ ಇದೇ ರುಚಿ. ನಮ್ಮ ‘ಅನ್ನನಾಳ’ದಲ್ಲಿ ಹೊರುವ ಮಾತಿಲ್ಲ, ಬರೀ ಕೊಳವೆ ಉಳಿದಿದೆ, ಅದನ್ನೂ ಚರ್ಚಿಸಬಹುದಿತ್ತು.

ಹೊರುವ ಮಾತು ಯಾಕೆ ಮುಖ್ಯ ಎಂದರೆ, ‘ತುತ್ತು ತನ್ನ ಭಾರಕ್ಕೆ ಜಾರಿ ಹೊಟ್ಟೆ ಸೇರುತ್ತದೆ’ ಎಂಬ ನಿಮ್ಮ ವಾಕ್ಯ ತಪ್ಪು. ಸುಮಾರು 25 ಸೆಂ.ಮೀ. ಉದ್ದದ ಈ ಸ್ನಾಯುಕೊಳವೆ ಅಲೆಅಲೆಯಾಗಿ ಹಿಂಡುತ್ತಾ ತುತ್ತನ್ನು ಕೆಳಕ್ಕೆ ತಳ್ಳುತ್ತದೆ. ತಲೆಕೆಳಗಾಗಿದ್ದರೂ ನುಂಗಲು ಸಾಧ್ಯವಾಗುವುದು ಅದರಿಂದಲೇ. ಜೊತೆಗೆ, ಗಂಟಲನ್ನೂ ಅನ್ನನಾಳವನ್ನೂ ಒಂದೇ ಎಂಬಂತೆ ಬಳಸಿದ್ದೀರಿ. ಅನ್ನನಾಳ ಶುರುವಾಗುವುದು ಗಂಟಲು ಮುಗಿದ ಮೇಲೆ.

ಎದೆಯುರಿಗೆ ಮನೆಮದ್ದು ಹೇಳುವ ಕೊನೆಯ ಎರಡು ಪುಟ ಪೂರ್ತಿ ತೆಗೆಯಿರಿ. ಶೀರ್ಷಿಕೆಯನ್ನೂ ಬದಲಿಸಿ. ತಿದ್ದಿ ಕಳಿಸಿದರೆ ಮತ್ತೆ ಓದುತ್ತೇನೆ.

ಸಂಪಾದಕ