ನಾಟಕ ಕಂಪನಿ ಕಲಾವಿದರ ಆತ್ಮಕಥೆ ಛಾಪಿಸಾಕ ಪ್ರಕಾಶಕರು ಯಾಕ ಹಿಂದೇಟು ಹಾಕ್ತಾರ?

ನಿಮ್ಮ ಕಾಕಾ ಕಂಪನಿ ನಾಟಕದ ಒಳಗಿನ ಕಥಿ ಎಲ್ಲಾರ ಹೆಸರು ಹಾಕಿ ಬರದಾರ, ಯಾರೂ ಪ್ರಿಂಟ್ ಮಾಡವಲ್ರು ಅಂತ ಕೇಳೀರಿ. ನಾ ಬಾಗಲಕೋಟ್ಯಾಗ ಡಿಟಿಪಿ ಮಾಡಾಂವ, ಇಂಥವು ಎರಡ್ಮೂರು ನನ್ನ ಕೈಯಾಗ ಹಾದು ಹೋಗ್ಯಾವ.

ಅಂಜಿಕಿ ಎಲ್ಲಾ ಕೇಸಿಂದು. ಮಾನಹಾನಿ ಈಗ ಭಾರತೀಯ ನ್ಯಾಯ ಸಂಹಿತೆ 356ನೇ ಕಲಂನಾಗ ಬರ್ತೈತಿ, 2 ವರ್ಷದ ತನಕ ಜೈಲು ಆಗಬಹುದು, ಬರದಾಂವನ ಜೋಡಿ ಛಾಪಿಸಿದಾಂವನೂ ಸಿಗ್ತಾನ. 'ಖರೇನ ಬರದೀನಲ್ರೀ' ಅಂದ್ರ ಕ್ರಿಮಿನಲ್ ಕೇಸಿನ್ಯಾಗ ಅಷ್ಟ ಸಾಲಂಗಿಲ್ಲ, ಅದು ಸಾರ್ವಜನಿಕ ಹಿತಕ್ಕ ಬೇಕಿತ್ತು ಅಂತನೂ ತೋರಸಬೇಕು. ಸತ್ತವರ ಬಗ್ಗೆ ಬರದ್ರೂ, ಮನಿಯವರ ಮನಸ್ಸು ನೋಯಸಾಕ ಬರದಂಗಿದ್ರ ಕೇಸ್ ನಿಲ್ತೈತಿ. 1994ರಾಗ, ಕೊಲಿ ಮಾಡಿ ಗಲ್ಲು ಶಿಕ್ಷಾ ಆಗಿದ್ದ ತಮಿಳುನಾಡಿನ ಕೈದಿ ಆಟೋ ಶಂಕರ್‌ನ ಆತ್ಮಕಥಿ ಕೇಸಿನ್ಯಾಗ ಸುಪ್ರೀಂ ಕೋರ್ಟು, ಮಾನಹಾನಿ ಆಗ್ತೈತಿ ಅಂತ ಅಧಿಕಾರಿಗಳು ಮೊದಲ ತಡಿಯಾಕ ಬರಂಗಿಲ್ಲ, ಸಾರ್ವಜನಿಕ ದಾಖಲೆದಾಗ ಇದ್ದದ್ದು ಬರೀಬಹುದು ಅಂದೈತಿ, ಆದ್ರ ಒಬ್ರ ಲಗ್ನ, ಸಂಸಾರ, ಮಕ್ಕಳ ವಿಷಯ ಒಪ್ಪಿಗಿ ಇಲ್ದ ಬರದ್ರ ಪರಿಹಾರ ಕೊಡೂ ಪಾಳಿ ಬರಬಹುದು ಅಂತನೂ ಹೇಳೈತಿ.

ಅದಕ್ಕ ಮೊದ್ಲ ನಾಕೈದು ಮಂದಿಗೆ ಝೆರಾಕ್ಸ್ ಕೊಟ್ಟು ಓದಸ್ರಿ, ಕಂಪನ್ಯಾಗ ಇದ್ದವರಿಗೇ ಕೊಡ್ರಿ. ನಾ ಟೈಪ್ ಮಾಡಿದ ಒಂದು ಪ್ರತಿಗೆ ಹಿರಿಯರೊಬ್ರು ಜಗಳದ ಪುಟದ ಬಾಜೂಕ ಪೆನ್ಸಿಲ್‌ಲೆ 'ಈಕಿ ಮೊಮ್ಮಕ್ಕಳು ಅದಾರಪಾ' ಅಂತ ಇಷ್ಟ ಬರದಿದ್ರು, ಆ ಪುಟಾನ ಹೋತು. ಬನಶಂಕರಿ ಜಾತ್ರ್ಯಾಗ ಎರಡನೇ ಆಟ ಮುಗಿಸಿ, ಕೊಬ್ರಿ ಎಣ್ಣಿ ಹಚ್ಚಿ ಬಣ್ಣ ತಗೀತಾ ಬಾಕಿ ಪಗಾರ ಲೆಕ್ಕಾ ಹಾಕೂ ಪುಟಕ್ಕ ಮಾತ್ರ ಎಲ್ಲಾರೂ ಗೆರಿ ಎಳದಿದ್ರು, ಅದರಾಗ ಒಂದು ಹೆಸರೂ ಇರ್ಲಿಲ್ಲ.